ಚಿನ್ನಪ್ಪನಿಗೆ ಬಂದ ಕಾಗದ

ಪೂಜ್ಯ ಕೃಪಾನಾಥ ಸ್ವಾಮಿಗಳು ಆಗ ಸುಣ್ಣದಪಾಳ್ಯದ ದೇವಾಲಯದ ಪಕ್ಕದಲ್ಲಿ ಒಂದು ಮಣ್ಣಿನ ಕೋಣೆಯಲ್ಲಿ ವಾಸವಾಗಿದ್ದರು. ಮಲಗಲು ಒಂದು ಚಾಪೆ, ಉಣ್ಣಲು ಒಂದು ಮುದ್ದೆ, ಮಾತಂತೂ ಅದಕ್ಕಿಂತ ಕಡಿಮೆ. ಊರಿನ ಕ್ರೈಸ್ತ ಹೆಂಗಸರು ರಾಗಿ ಬೀಸಲು ಕೂರುವ ಮುನ್ನ ಒಂದು ಹಿಡಿ ತೆಗೆದು ಬೇರೆ ಕುಡಿಕೆಗೆ ಹಾಕುವಂತೆ ಏರ್ಪಾಡು ಮಾಡಿದವರು ಅವರೇ. ದೇವಾಲಯದ ಹಿಂದಿನ ಗುಡಿಸಲಲ್ಲಿ, ಹಿಂದು ಮುಂದು ಯಾರೂ ಇಲ್ಲದ ಮೂವರು ವಿಧವೆಯರಿದ್ದರು. ಭಾನುವಾರ ಪೂಜೆ ಮುಗಿದ ಮೇಲೆ ಆ ಹಿಡಿರಾಗಿ ಅವರ ಸೆರಗಿಗೆ ಬೀಳುತ್ತಿತ್ತು.

ಸುಣ್ಣದ ಗೂಡಿನ ಚಿನ್ನಪ್ಪನ ಕಣ್ಣು ಇದರ ಮೇಲೆ ಬಿತ್ತು. ಬಡತನವೇನೂ ಅಲ್ಲ, ಗೂಡು ಚೆನ್ನಾಗಿಯೇ ಉರಿಯುತ್ತಿತ್ತು. ಆದರೆ ಆಸಾಮಿಯ ಕೈ ಬಿಗಿ, ನಾಲಿಗೆ ಸಡಿಲ. ತಾಯಿ ಆರೋಗ್ಯಮ್ಮನಿಗೆ ಕಣ್ಣು ಮಂಜಾಗಿ, ಮನೆಗೆಲಸ ಆಗದೆ ಕುಳಿತಲ್ಲೇ ಕೂರುವಂತಾಗಿತ್ತು. ಒಂದು ದಿನ ಅವನು ಸ್ವಾಮಿಗಳ ಮುಂದೆ ಬಂದು ನಿಂತ.

"ಸ್ತೋತ್ರ ಸ್ವಾಮಿ. ನಮ್ಮವ್ವನೂ ಗಂಡ ಇಲ್ದೋಳೇ. ಅವಳನ್ನೂ ಗುಡಿಸಲಿಗೆ ಸೇರಿಸ್ಕಳಿ. ಯೇಸುಸ್ವಾಮಿ ಶಿಷ್ಯರು, ಆ ಪ್ರೇಷಿತರ ಕಾಲದಲ್ಲೇ ವಿಧವೆಯರನ್ನ ನೋಡ್ಕಳಕ್ಕೆ ಅಂತ ಏಳು ಜನರನ್ನ ನೇಮಿಸಿರಲಿಲ್ವಾ? ಸಾಕೋದು ಕ್ರೈಸ್ತ ಸಭೆ ಕೆಲಸ ತಾನೇ?"

ಶಾಸ್ತ್ರವನ್ನೇ ಮುಂದಿಟ್ಟಿದ್ದ ಜಾಣ! ಸ್ವಾಮಿಗಳು "ಕಳುಹಿಸು" ಎಂದರು. ಗೆದ್ದೆನೆಂದು ಚಿನ್ನಪ್ಪ ಹಿಗ್ಗಿದ. ಅಂದೇ ಆರೋಗ್ಯಮ್ಮ ಬಟ್ಟೆಗಂಟನ್ನು ಕಂಕುಳಲ್ಲಿಟ್ಟುಕೊಂಡು, ಗುಡಿಸಲು ಸೇರಿದಳು.

ಮುಂದಿನ ಭಾನುವಾರ ಚಿನ್ನಪ್ಪ ಪೂಜೆಗೆ ತಡವಾಗಿ ಬಂದ. ಸ್ವಾಮಿಗಳ ಉಪದೇಶದ ಪ್ರಸಂಗ ಆಗಲೇ ನಡೆದಿತ್ತು. ಬಾಗಿಲಲ್ಲಿ ಕಾಲಿಡುತ್ತಿದ್ದಂತೆಯೇ ಸ್ವಾಮಿಗಳ ಸ್ವರ ಕಿವಿಗೆ ಬಿತ್ತು: "ವಿಧವೆಗೆ ಮಕ್ಕಳಿದ್ದರೆ ಮೊದಲು ಆ ಮಕ್ಕಳೇ ನೋಡಿಕೊಳ್ಳಲಿ ಎನ್ನುತ್ತಾರೆ ಚಿನ್ನಪ್ಪನವರು. ಸ್ವಂತ ಮನೆಯವರನ್ನು ಸಾಕದವನು ನಂಬಿಕೆ ಇಲ್ಲದವನಿಗಿಂತಲೂ ಕೀಳು ಎನ್ನುತ್ತಾರೆ ಚಿನ್ನಪ್ಪನವರು."

ನಮ್ಮ ಕಡೆಯ ಹಳೆಯ ಕ್ರೈಸ್ತರು ಸಂತ ಪೌಲರನ್ನು ಕರೆಯುವುದೇ ಚಿನ್ನಪ್ಪನವರೆಂದು. ಸ್ವಾಮಿಗಳು ವಿವರಿಸುತ್ತಿದ್ದುದು ಆ ಮಹನೀಯರು ತಮ್ಮ ಶಿಷ್ಯ ತಿಮೊಥೆಯನಿಗೆ ಬರೆದ ಕಾಗದವನ್ನು. ಚಿನ್ನಪ್ಪನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಊರೆಲ್ಲ ಏಕವಚನದಲ್ಲಿ ಕರೆಯುವ ತನಗೆ ಸ್ವಾಮಿಗಳು ಬೇಕೆಂದೇ 'ನವರು' ಹಚ್ಚಿ ಅಣಕಿಸುತ್ತಿದ್ದಾರೆಂದು ಅವನ ಮೈಯೆಲ್ಲ ಉರಿದುಹೋಯಿತು. ಜನರನ್ನು ತಳ್ಳಿಕೊಂಡು ಪೀಠದವರೆಗೂ ನುಗ್ಗಿಬಿಟ್ಟ.

"ಯಾವಾಗ ಸ್ವಾಮಿ? ಯಾವಾಗ ನಾನು ಹಂಗಂದೆ? ದೇವ್ರ ಮುಂದೆ ಸುಳ್ಳು ಹೇಳಬ್ಯಾಡಿ!"

ಮರುಕ್ಷಣ ಗಂಡಸರ ಕಡೆಯಿಂದ ಒಬ್ಬ ಕಿಸಕ್ಕೆಂದ, ಆಮೇಲೆ ಜಂತೆ ಹಾರುವಂತೆ ಎಲ್ಲರೂ ನಕ್ಕರು. ಸ್ವಾಮಿಗಳು ಮಾತ್ರ ನಗಲಿಲ್ಲ. ಅವರು ಮೆಲ್ಲಗೆ ಹೇಳಿದರು:

"ನೀನು ಹೇಳಲಿಲ್ಲ, ಚಿನ್ನಪ್ಪ. ನೀನೇ ಹೇಳಬೇಕಾಗಿತ್ತು."

ಆಗಲೇ ತನ್ನ ತಪ್ಪು ಅವನಿಗೆ ಹೊಳೆದದ್ದು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಅಷ್ಟರಲ್ಲಿ ಹೆಂಗಸರ ಕಡೆಯಿಂದ, ಗುಡಿಸಲಿನವರ ನಡುವಿನಿಂದ ಒಂದು ಮುದಿ ಧ್ವನಿ ಚೀರಿತು.

"ಯಾಕ್ರೋ ನಗ್ತೀರ ನನ್ನ ಮಗನ್ನ? ಪರಸಾದಕ್ಕೆ ಅಂತ ರಾತ್ರಿಯಿಂದ ಉಪಾಸ ಅವನೆ. ಗೂಡಿನ ಮುಂದೆ ಬೆಂದು ಬಂದವನೆ. ತಲೆ ಸುತ್ತಿ ಏನೋ ಅಂದ. ನಿಮ್ಮ ಬಾಯಿಗೆ ಬೀಗ ಹಾಕ!"

ಮಗ ಹೊರಗೆ ಹಾಕಿದ ಮುದುಕಿ, ಕಣ್ಣು ಕಾಣದಿದ್ದರೂ ಊರವರೆಲ್ಲರ ಮೇಲೆ ಜಗಳಕ್ಕೆ ನಿಂತಿದ್ದಳು! ನಗು ಅಲ್ಲೇ ಸತ್ತಿತು. ಸ್ವಾಮಿಗಳು ಜನರತ್ತ ತಿರುಗಿ, "ಗುಡಿಸಲಿನ ಉಳಿದ ಮೂವರಿಗೆ ಹೀಗೆ ಪರ ನಿಂತು ಜಗಳವಾಡಲೂ ಒಬ್ಬ ಮಗನಿಲ್ಲ. ಅವರ ಮಕ್ಕಳು ನೀವು" ಎಂದಷ್ಟೇ ಹೇಳಿ ಪೂಜೆ ಮುಂದುವರಿಸಿದರು. ಎಷ್ಟೋ ಜನ ತಲೆ ತಗ್ಗಿಸಿದರು.

ಪೂಜೆಯಾದ ಮೇಲೆ ಸ್ವಾಮಿಗಳು ರಾಗಿಯ ಮೊರ ಹಿಡಿದು ಜಗುಲಿಗೆ ಬಂದು, "ದಿಕ್ಕಿಲ್ಲದವರು ಬನ್ನಿ" ಎಂದು ಕರೆದರು. ಆರೋಗ್ಯಮ್ಮ ತಡಕಾಡುತ್ತ ನಾಲ್ಕನೆಯವಳಾಗಿ ನಿಂತು ಸೆರಗು ಒಡ್ಡಿದಳು. ಚಿನ್ನಪ್ಪ ಓಡಿ ಬಂದು ಆ ಸೆರಗನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದ.

"ಇವಳಿಗೆ ಹಾಕಬ್ಯಾಡಿ ಸ್ವಾಮಿ. ಇವಳಿಗೆ ನಾನಿವ್ನಿ. ಅವ್ವಾ, ಮನೆಗೆ ನಡಿಯವ್ವಾ."

"ನಡಿ ಮತ್ತೆ, ಮೊದ್ಲು ಉಣ್ಣು ನೀನು" ಎಂದಳು ಆರೋಗ್ಯಮ್ಮ.

ಅಂದಿನಿಂದ ಸಾಯುವವರೆಗೂ, ಗುಡಿಸಲಿನವರಿಗಾಗಿ ಪ್ರತಿ ಶನಿವಾರ ಮನೆಮನೆಗೆ ಹೋಗಿ ಹಿಡಿರಾಗಿ ಎತ್ತಿದವನು ಚಿನ್ನಪ್ಪನೇ. ಊರ ಪೋಕರಿಗಳು, "ಕಾಗದ ಬರೆದ ಚಿನ್ನಪ್ಪನವರು ಬಂದ್ರು!" ಎಂದು ಛೇಡಿಸುತ್ತಿದ್ದರು. ಹಿಂದಾಗಿದ್ದರೆ ಕೈ ಮಾಡುತ್ತಿದ್ದ ಅವನು ಈಗ ತಲೆಯ ಮೇಲಿನ ರಾಗಿ ಮಡಕೆಯನ್ನು ಇಳಿಸಿ ಹೇಳುತ್ತಿದ್ದ:

"ಬರೆದೋನು ನಾನಲ್ಲ ಕಣ್ರಪ್ಪ. ಆದ್ರೆ ಆ ಕಾಗದ ಬಂದಿದ್ದು ನಂಗೇಯ."