ಗಾಳಿ ಹಿಡಿದ ಗಾಡಿ

ಮೈಲಾರಿ ಮೊದಲ ಸಲ ಊರು ಬಿಟ್ಟು ನಡೆದದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಎತ್ತು ಮಾಡಲು ಕೆರೆಯ ಮಣ್ಣು ತಾ ಎಂದು ಮನೆಯವರು ಕಳಿಸಿದ್ದರು. ಹಾದಿಯಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು. ಅದು ದುರಸ್ತಿಯಾಗುವುದನ್ನು ನೋಡುತ್ತ ನಿಂತವನು, ಲಾರಿ ಹೊರಟಾಗ ಅದನ್ನೇ ಹತ್ತಿಬಿಟ್ಟ. ಶಾಲೆಯ ಪುಸ್ತಕ ಮನೆಯ ಗೂಡಿನಲ್ಲೇ ಉಳಿಯಿತು. ಆಮೇಲೆ ಎಷ್ಟೋ ಊರಿನ ನೀರು ಕುಡಿದ. ಕೈಗೆ ಗಾಡಿ ರಿಪೇರಿಯ ವಿದ್ಯೆ ಹತ್ತಿತು, ಕಾಲಿಗೆ ನೆಲ ಹತ್ತಲಿಲ್ಲ.

ಈಗ ಅವನ ಮೀಸೆ ನರೆತಿತ್ತು. ಗಾಡಿಯ ಕೆಳಗೆ ನುಸುಳುವುದು ಸುಲಭ, ಎದ್ದು ಬರುವುದೇ ಕಷ್ಟ ಎನ್ನುವ ವಯಸ್ಸು. ಎಲ್ಲಿ ಹೋದರೂ ಒಂದೇ ರೀತಿ: ಕೆಟ್ಟ ಗಾಡಿ ನೋಡುವುದು, ಏನಾಗಿದೆ ಎಂದು ಹೇಳುವುದು, ಸಂಜೆಯ ಬಸ್ಸು ಹಿಡಿಯುವುದು. ಒಂದು ಮಧ್ಯಾಹ್ನ ಬಿಳೇಕಲ್ ಕ್ರಾಸಿನ ಚಹಾ ಅಂಗಡಿಯಲ್ಲಿ ಅವನು ಹಾಗೇ ಬಸ್ಸಿಗೆ ಕಾಯುತ್ತಿದ್ದಾಗ ಇವನು ಮಿಸ್ತ್ರಿ ಎಂದು ಅಂಗಡಿಯವನಿಂದ ತಿಳಿದು ಕಳಕಪ್ಪ ಎಂಬವನು ಬಂದು ಪಕ್ಕದಲ್ಲಿ ಕೂತ.

ಕಳಕಪ್ಪನದು ಹೂವಿನ ವ್ಯಾಪಾರ. ಸುತ್ತಲಿನ ತೋಟಗಳ ಸೇವಂತಿಗೆಯನ್ನು ಹಳೆಯ ಡೀಸೆಲ್ ಪಿಕಪ್ಪಿನಲ್ಲಿ ತುಂಬಿ ಮುಂಜಾನೆಯೇ ಪೇಟೆಗೆ ಮುಟ್ಟಿಸಬೇಕು. ಬಿಸಿಲು ಏರಿದ ಮೇಲೆ ಹೂವಿಗೆ ಗಿರಾಕಿಯಿಲ್ಲ.

"ಮುಂಜಾನೆ ಗಾಡಿ ಚಾಲೂನ ಆಗವಲ್ದ್ರೀ" ಎಂದ ಕಳಕಪ್ಪ. "ಸೆಲ್ಫ್ ಹೊಡದು ಹೊಡದು ಬ್ಯಾಟರಿ ಸಾಯತೈತಿ. ಒಮ್ಮೆ ಹತ್ತಿತಂದ್ರ ದಿನಪೂರ್ತಿ ಏನೂ ತಕರಾರಿಲ್ಲ. ಹೀಟರ್ ಪ್ಲಗ್ ಬದಲಿಸಿದೆ, ನಾಜಲ್ ಮಾಡಿಸಿದೆ. ಕಡೀಕ ಒಬ್ಬ ಮಿಸ್ತ್ರಿ ಮುಂಜಾನೆ ಬಂದು ಡೀಸೆಲ್ ಎಣ್ಣಿ ಪೈಪ್ ಬಿಚ್ಚಿ ನೋಡಿದ. ಒಳಗ ಹನಿ ಎಣ್ಣಿ ಇಲ್ಲ. ರಾತ್ರಿ ಯಾರೋ ತಗದಾರ ಅಂದ."

"ಯಾರು?"

"ಗಾಡಿ ಬಗಲಾಗ ಮಲಗಾಂವ ಒಬ್ಬನ ಅದಾನ."

ಅವನೇ ಡ್ರೈವರ್ ನಿರ್ವಾಣೆಪ್ಪ. ಕಳಕಪ್ಪನ ತಂದೆಯ ಕಾಲದಿಂದ ಆ ಗಾಡಿಯ ಚಕ್ರ ಹಿಡಿದವನು. ಮಿಸ್ತ್ರಿ ಆಡಿದ ಆ ಒಂದು ಮಾತು ಬಾವಿಕಟ್ಟೆಗೆ ಹೋಯಿತು, ಕಟಿಂಗ್ ಅಂಗಡಿಗೆ ಹೋಯಿತು. ನಿರ್ವಾಣೆಪ್ಪ ಎಣ್ಣೆ ತೆಗೆದು ತಮ್ಮನ ಪಂಪ್‌ಸೆಟ್ಟಿಗೆ ಹಾಕುತ್ತಾನೆ ಎಂದು ಊರೇ ಮಾತಾಡತೊಡಗಿತು. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ.

ಮೈಲಾರಿ ಕಳಕಪ್ಪನ ಜೊತೆ ಅವನ ಮನೆಗೆ ಹೋದಾಗ ಗಾಡಿ ಹಿತ್ತಲ ಹುಣಸೆಮರದ ಕೆಳಗೆ ನಿಂತಿತ್ತು. ನಿರ್ವಾಣೆಪ್ಪ ಗಾಜು ಒರೆಸುತ್ತಿದ್ದ. ಬಂದವರ ಮುಖ ನೋಡಲಿಲ್ಲ. ಮೈಲಾರಿ ಅವನಿಂದ ಕೀಲಿ ಪಡೆದು ತಿರುಗಿಸಿದ. ಅರ್ಧ ಸೆಲ್ಫಿಗೇ ಎಂಜಿನ್ ಹತ್ತಿತು.

"ನೋಡ್ರಿ ಹೆಂಗೈತಿ!" ಎಂದ ಕಳಕಪ್ಪ. "ಹಗಲಿ ಚೊಲೋ ಇರತೈತಿ. ಎಣ್ಣಿ ತಗದರ ಅಷ್ಟ ಹಿಂಗ ಆಗತೈತಿ ಅಂತ ಇಂವಗ ಒಂದು ಮಾತು ಹೇಳಿಬಿಡ್ರಿ. ಮುಂದಿಂದು ನಾ ನೋಡ್ಕೋತೀನಿ."

ಮೈಲಾರಿಗೆ ದಣಿವಾಗಿತ್ತು. ಹೌದು ಎಂದರೆ ಮುಗಿಯಿತು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ನಿರ್ವಾಣೆಪ್ಪನ ಕೈ ನೋಡಿದ. ಒರೆಸಿದ ಗಾಜನ್ನೇ ಆ ಕೈ ಮತ್ತೆ ಮತ್ತೆ ಒರೆಸುತ್ತಿತ್ತು.

"ಬಿಸಿ ಎಂಜಿನ್ ಖರೇ ಹೇಳಂಗಿಲ್ಲರಿ" ಎಂದ ಮೈಲಾರಿ. "ಇದರ ಜಡ್ಡು ತಣ್ಣಗಾದ ಮ್ಯಾಲೆ ಬರೋ ಜಡ್ಡು. ತಣ್ಣಗಾದಾಗನ ನೋಡಬೇಕು. ನಾಳೆ ಮುಂಜಾನೀತನ ಇರತೀನಿ."

"ಹಂಗಾರ ಇದಕ್ಕ ಏನಾಗೈತಿ ಅಂತೀರಿ?"

"ನನಗ ಕಾಣೋದು ಅಂದ್ರ, ಗಾಳಿ ಹಿಡದೈತಿ."

ಅಲ್ಲೇ ಕಟ್ಟೆಯ ಮೇಲೆ ಹೂವಿನ ಎಸಳು ಆರಿಸುತ್ತಿದ್ದ ಕಳಕಪ್ಪನ ತಾಯಿ ಫಕೀರವ್ವ ದಡಕ್ಕನೆ ಎದ್ದಳು.

"ನಾ ಬಡಕೊಂಡೆ! ಹುಣಸೀಮರದ ಕೆಳಗ ಗಾಡಿ ನಿಲ್ಲಿಸಬ್ಯಾಡ್ರೋ, ಗಾಳಿ ಸೋಕತೈತಿ ಅಂತ ಬಡಕೊಂಡೆ! ಯಾರು ಕೇಳ್ತೀರಿ ಮುದುಕಿ ಮಾತು?"

"ಯವ್ವಾ, ಆ ಗಾಳಿ ಅಲ್ಲಬೇ. ಇದು ಪೈಪಿನ್ಯಾಗಿನ ಗಾಳಿ."

"ಎಲ್ಲ್ಯಾರ ಹೊಗಲಿ, ಗಾಳಿ ಗಾಳಿನ!"

ಮುದುಕಿ ಒಳಗೆ ಹೋಗಿ ಉಪ್ಪು ಮೆಣಸಿನಕಾಯಿ ತಂದು ಗಾಡಿಗೆ ನಿವಾಳಿಸಿದಳು. ಎಂಜಿನ್ನಿಗೆ ಒಮ್ಮೆ, ಡೀಸೆಲ್ ಟ್ಯಾಂಕಿಗೆ ಒಮ್ಮೆ. ಅಡ್ಡ ನಿಂತಿದ್ದ ಮೈಲಾರಿಗೂ ಒಮ್ಮೆ ಸುತ್ತಿ, "ಊರೂರು ತಿರಗಾವ, ನಿನಗೂ ಯಾವುದಾರ ಸೋಕಿರತೈತಿ" ಎಂದಳು. ಬಹಳ ದಿನದ ಮೇಲೆ ನಿರ್ವಾಣೆಪ್ಪ ಒಂದಿಷ್ಟು ನಕ್ಕ.

ಆ ನಗು ಕಳಕಪ್ಪನಿಗೆ ಸೇರಲಿಲ್ಲ. ಗಾಡಿ ನಿಲ್ಲುತ್ತಿದೆ, ತೋಟದವರು ಬೇರೆ ಗಾಡಿ ನೋಡುತ್ತಿದ್ದಾರೆ, ಇವನು ನಗುತ್ತಾನೆ! ಒಳಗೇ ಕುದಿಯುತ್ತಿದ್ದದ್ದು ಉಕ್ಕಿಬಿಟ್ಟಿತು.

"ನಗತೀಯೇನಲೇ? ಉಂಡ ಮನಿಗೆ ಎರಡು ಬಗದು ನಗತೀಯೇನು? ಕೊಡು ಕೀಲಿ!"

"ಕಳಕಪ್ಪಾರ, ಒಂದು ರಾತ್ರಿ ತಾಳ್ರಿ" ಎಂದ ಮೈಲಾರಿ.

"ತಾಳಿ ತಾಳಿ ಸಾಕಾಗೈತಿ."

ಹೂವಿನ ಬುಟ್ಟಿ ಹೊತ್ತು ಬಂದ ತೋಟದವರು ಬೇಲಿಯ ಬಳಿ ನಿಂತು ನೋಡುತ್ತಿದ್ದರು. ನಿರ್ವಾಣೆಪ್ಪ ಗಾಡಿಯಿಂದ ಕೀಲಿ ತೆಗೆದು ಬಾನೆಟ್ಟಿನ ಮೇಲಿಟ್ಟ. ಒರೆಸುವ ಬಟ್ಟೆಯನ್ನು ಮಡಿಸಿ ಸೀಟಿನ ಕೆಳಗೆ ಇಟ್ಟು ಮನೆಗೆ ಹೋದ.

ಮೈಲಾರಿ ತನ್ನ ಕೆಲಸ ಮಾಡಿದ. ಟ್ಯಾಂಕಿನಿಂದ ಬರುವ ಕಪ್ಪು ಪೈಪು ತೆಗೆದು, ಒಳಗಿದ್ದದ್ದು ಕಾಣುವಂಥ ಬಿಳಿ ಪೈಪು ಹಾಕಿದ. ಎಂಜಿನ್ ಒಂದಿಷ್ಟು ಓಡಿಸಿ, ಪೈಪಿನ ತುಂಬ ಎಣ್ಣೆ ನಿಂತದ್ದನ್ನು ಕಳಕಪ್ಪನಿಗೆ ತೋರಿಸಿದ. ಟ್ಯಾಂಕಿನೊಳಗೆ ಒಂದು ಹತ್ತಿಕಟ್ಟಿಗೆ ಇಳಿಬಿಟ್ಟು, ಎಣ್ಣೆ ಮುಟ್ಟಿದ ಕಡೆ ಗೆರೆ ಕೊರೆದ. ಮುಚ್ಚಳಕ್ಕೆ ಬೀಗ ಹಾಕಿಸಿದ. ಆ ಬೀಗದ ಕೀಲಿಯನ್ನು ಮುದುಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನನ್ನ ದಾಟಿ ಯಾವ ಕಳ್ಳ ಬರತಾನ ಬರಲಿ" ಎಂದಳು.

ಮೂಡಣ ಕೆಂಪಾಗುವ ಹೊತ್ತಿಗೆ ಎಲ್ಲರೂ ಗಾಡಿಯ ಮುಂದೆ ನಿಂತರು. ನಿರ್ವಾಣೆಪ್ಪನನ್ನೂ ಮೈಲಾರಿಯೇ ಹೋಗಿ ಕರೆತಂದಿದ್ದ. ಬೀಗ ಹಾಗೇ ಇತ್ತು. ಕಟ್ಟಿಗೆ ಇಳಿಸಿ ತೆಗೆದರೆ ಎಣ್ಣೆ ಗೆರೆಗೇ ಮುಟ್ಟಿತ್ತು. ಟ್ಯಾಂಕಿನಿಂದ ಒಂದು ಲೋಟವೂ ಹೋಗಿರಲಿಲ್ಲ. ಆದರೆ ಬಿಳಿ ಪೈಪು ಬರಿದಾಗಿತ್ತು.

ಕಳಕಪ್ಪ ಪೈಪು ನೋಡಿದ, ಕಟ್ಟಿಗೆ ನೋಡಿದ. "ಮತ್ತ ಪೈಪಿನ್ಯಾಗಿನ ಎಣ್ಣಿ ಎಲ್ಲಿಗೆ ಹೋತು?"

"ಎಲ್ಲೂ ಹೋಗಿಲ್ಲ. ಬಂದ ಹಾದೀಲೆ ತಿರುಗಿ ಟ್ಯಾಂಕಿಗೆ ಇಳದೈತಿ" ಎಂದ ಮೈಲಾರಿ. ಫಿಲ್ಟರಿನ ಮೇಲಿನ ಸಣ್ಣ ಹ್ಯಾಂಡ್ ಪಂಪನ್ನು ಒತ್ತಿದ. ಅದರ ಬುಡದಲ್ಲಿ ಬೆವರಿನ ಹಾಗೆ ತೇವ ಮೂಡಿತು. "ಇಲ್ಲಿ ರಬ್ಬರ್ ವಾಷರ್ ಒಣಗಿ ಸೀಳೈತಿ. ಎಣ್ಣಿ ಹೊರಗ ಸೋರಿದ್ರ ನೆಲದ ಮ್ಯಾಲೆ ಕಾಣತಿತ್ತು. ಇಲ್ಲಿ ಗಾಳಿ ಒಳಗ ಸೋರತೈತಿ. ರಾತ್ರೆಲ್ಲ ಗಾಳಿ ಹೊಕ್ಕಂಗ ಎಣ್ಣಿ ಹಿಂದಕ್ಕ ಇಳೀತೈತಿ. ಮುಂಜಾನೆ ಸೆಲ್ಫ್ ಹೊಡದ್ರ ಎಂಜಿನ್ನಿಗೆ ಸಿಗೋದು ಬರೇ ಗಾಳಿ. ಹಗಲಿ ಗಾಡಿ ಅಷ್ಟೊತ್ತು ನಿಲ್ಲಂಗಿಲ್ಲ, ಅದಕ್ಕ ಹತ್ತತೈತಿ."

ಚೀಲದಿಂದ ಹೊಸ ವಾಷರ್ ತೆಗೆದು ಹಾಕಿದ. ಬೋಲ್ಟು ಸಡಿಲಿಸಿ ಪಂಪು ಒತ್ತಿದ. ಗುಳ್ಳೆ ಗುಳ್ಳೆಯಾಗಿ ನೊರೆ ಬಂತು, ಕೊನೆಗೆ ಬರೀ ಎಣ್ಣೆ ಬಂತು. ಬೋಲ್ಟು ಬಿಗಿದ. ಕೀಲಿ ತಿರುಗಿಸಿದ. ಗಾಡಿ ಒಂದೇ ಸೆಲ್ಫಿಗೆ ಹತ್ತಿತು.

ಕಳಕಪ್ಪನ ಮುಖ ಬಿಳಿಚಿಕೊಂಡಿತು. ತಪ್ಪಾಯಿತು ಎನ್ನಲು ನಾಲಗೆ ತಿರುಗಲಿಲ್ಲ. ಕೀಲಿಯನ್ನು ಗಾಡಿಯಲ್ಲೇ ಬಿಟ್ಟು, ಹತ್ತು ಎನ್ನುವಂತೆ ಡ್ರೈವರ್ ಬಾಗಿಲು ಮಾತ್ರ ತೆರೆದು ಹಿಡಿದ. "ನಿರ್ವಾಣೆಪ್ಪಾ, ಹೂ ಬಾಡತಾವು. ಹೋಗಿ ಬಾರಪಾ."

ನಿರ್ವಾಣೆಪ್ಪ ಬುಟ್ಟಿಗಳ ಕಡೆ ನೋಡಿದ. "ಹೂವಿಂದೇನು ತಪ್ಪೈತಿ, ಇವತ್ತಿನ ದಿನ ಮುಟ್ಟಿಸಿ ಬರತೀನಿ" ಎಂದ. "ನಾಳಿಂದ ಬ್ಯಾರೆಯವರನ್ನ ನೋಡ್ಕೋರಿ."

"ಅಲ್ಲೋ, ಇನ್ನೇನಾಗೈತಿ? ಗಾಳಿ ಹೋತಲ್ಲ!"

"ಗಾಡೀದು ಹೋತ್ರಿ. ನಿನ್ನೆ ರಾತ್ರಿ ನನ್ನ ಮಗಳು ಕೇಳಿದಳು, ಯಪ್ಪಾ, ಕಾಕಾನ ಪಂಪಿಗೆ ಎಣ್ಣಿ ಎಲ್ಲಿಂದ ಬರತೈತಿ ಅಂತ." ಅವನ ದನಿ ಏರಲಿಲ್ಲ. ಹತ್ತಿ ಕೂತು, ಕನ್ನಡಿ ಸರಿಮಾಡಿಕೊಂಡು, ಗಾಡಿ ಮುಂದೆ ಬಿಟ್ಟ.

ಫಕೀರವ್ವ ಬೀಗದ ಕೀಲಿಯನ್ನು ಮಗನ ಕೈಗಿಟ್ಟು ಒಳಗೆ ಹೋದಳು. ಕಳಕಪ್ಪ ಮೈಲಾರಿಯ ಹತ್ತಿರ ಬಂದ.

"ಮಿಸ್ತ್ರೀ, ನೀವರ ಇಲ್ಲೇ ಇದ್ದುಬಿಡ್ರಿ" ಎಂದ. "ಗಾಡಿನೂ ನಡಸ್ರಿ, ರಿಪೇರಿನೂ ಮಾಡ್ರಿ. ಮನಿ ಕೊಡತೀನಿ."

"ಮನಿ ಬ್ಯಾಡ್ರಿ. ನೀವು ನಿರ್ವಾಣೆಪ್ಪನ ಮನೀಗೆ ಹೋಗ್ರಿ. ನಿನ್ನೆ ಯಾರ ಯಾರ ಮುಂದ ಅಂದ್ರಿ, ಅವರನ್ನೆಲ್ಲ ಕರಕೊಂಡು ಹೋಗ್ರಿ."

"ಹೋದ್ರ ಬರತಾನೇನು?"

"ಗೊತ್ತಿಲ್ರಿ. ಬರದಿದ್ರೂ ಹೋಗಬೇಕು."

ಮೈಲಾರಿ ಎಣ್ಣೆಗೈ ಒರೆಸಿಕೊಂಡ. ಬೋಲ್ಟು ತಿರುಗಿಸುವ ಪಾನಾಗಳನ್ನು ಗೋಣಿಯಲ್ಲಿ ಸುತ್ತಿ, ಬಿಳಿ ಪೈಪಿನ ಮಿಕ್ಕ ತುಂಡನ್ನು ಚೀಲಕ್ಕೆ ತುರುಕಿದ. ಮಂಡಿಗೆ ಕೈ ಕೊಟ್ಟು ನಿಧಾನವಾಗಿ ಎದ್ದ. ಕ್ರಾಸಿನ ಕಡೆಯಿಂದ ಮೊದಲ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಅವನು ಚೀಲದ ಬಾಯಿಗೆ ಹಗ್ಗ ಬಿಗಿಯತೊಡಗಿದ.

ನೀತಿ: ಎಂಜಿನ್ನಿನ ದೋಷವಾಗಲಿ ಮನುಷ್ಯನ ದೋಷವಾಗಲಿ, ಬಿಸಿಯಲ್ಲಿ ತೀರ್ಮಾನಿಸಬಾರದು, ತಣ್ಣಗಾಗುವ ತನಕ ತಾಳಿ ನೋಡಬೇಕು. ಪೈಪಿಗೆ ಹೊಕ್ಕ ಗಾಳಿಯನ್ನು ಪಂಪು ಒತ್ತಿ ಹೊರಹಾಕಬಹುದು. ಗಾಳಿಮಾತು ನಂಬಿ ಆಡಿದ ಮಾತನ್ನು ಹೊರಹಾಕುವ ಪಂಪು ಯಾವ ಮಿಸ್ತ್ರಿಯ ಚೀಲದಲ್ಲೂ ಇಲ್ಲ.