ಹಂದಿಯ ಕೋಪ, ಕೇತಿಯ ಕೋಲು

ಒಂದು ಕಾಡಂತೆ. ಆ ಕಾಡಿನ ಅಂಚಿಗೆ ಒಂದು ಹಾಡಿಯಂತೆ. ಹಾಡಿ ಅಂದರೆ ಹತ್ತಾರು ಹುಲ್ಲಿನ ಗುಡಿಸಲು, ಅಷ್ಟೆ. ಯಾವ ಕಾಲ ಅಂತ ಮಾತ್ರ ಕೇಳಬೇಡಿ. ಹಾರೆ, ಗುದ್ದಲಿ ಇನ್ನೂ ಹುಟ್ಟಿರಲಿಲ್ಲ. ನೆಲ ಅಗೆಯಬಹುದು ಅನ್ನೋದು ಇಲಿಗೂ ಗೊತ್ತಿರಲಿಲ್ಲ, ಅಂಥ ಕಾಲ. ಮನುಷ್ಯರು, ಮೃಗಗಳು ಎಲ್ಲರೂ ನೆಲದ ಮೇಲೆ ಸಿಕ್ಕಿದ್ದನ್ನೇ ತಿಂದುಕೊಂಡಿದ್ದರಂತೆ.

ಆ ಸೀಮೆಗೊಬ್ಬ ರಾಜ. ಅವನಿಗೆ ಎಷ್ಟಿದ್ದರೂ ಸಾಲದು. ಒಂದು ದಿನ ಕಾಡಿಗೆ ಬಂದವನು ನೇರಳೆ ನೋಡಿದ, ಅತ್ತಿ ನೋಡಿದ, ಜೇನು ನೋಡಿದ, ಬಾಯಲ್ಲಿ ನೀರೂರಿತು. ಡಂಗುರ ಹೊಡೆಸಿಯೇಬಿಟ್ಟ: "ನೆಲದ ಮೇಲಿರೋದೆಲ್ಲ ರಾಜಂದು! ಹಣ್ಣು ರಾಜಂದು, ಎಲೆ ರಾಜಂದು, ಜೇನು ರಾಜಂದು! ಮುಟ್ಟಿದವರ ಬೆನ್ನಿಗೆ ಬೆತ್ತ!" ಮರಮರಕ್ಕೂ ಕಾವಲು ನಿಂತಿತು.

ಹಾಡಿಯಲ್ಲಿ ಕೇತಿ ಅಂತ ಒಬ್ಬಳಿದ್ದಳು. ಗಂಡನಿಲ್ಲ, ಮಕ್ಕಳು ಮೂರು. ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ. ಮಕ್ಕಳು "ಅವ್ವಾ ಹಸಿವು, ಅವ್ವಾ ಹಸಿವು" ಅಂತ ಸೆರಗು ಹಿಡಿದು ಎಳೆದರೆ ಕೊಡೋದಕ್ಕೆ ಏನಿದೆ? ಬರೀ ನೀರು ಕುಡಿಸಿ ಮಲಗಿಸುವಳಂತೆ. ಹೆತ್ತ ಕರುಳು, ಹೇಗಾಗಿರಬೇಡ ಹೇಳಿ.

ಹೀಗಿರುವಾಗ ಒಂದು ಕಾಡುಹಂದಿ ಅತ್ತಿಮರದ ಕೆಳಗೆ ಬಿದ್ದಿದ್ದ ಕೊಳೆತ ಹಣ್ಣಿಗೆ ಬಾಯಿ ಹಾಕಿತು. ಕಾವಲಿನವನು ಬೆತ್ತ ತಗೊಂಡು ಬಾರಿಸಿದ. ಹಂದಿಗೆ ಬಂತು ನೋಡಿ ಕೋಪ! ತಿರುಗಿ ತಿವಿದರೆ ಭರ್ಜಿ ಬೀಳುತ್ತೆ, ಸುಮ್ಮನಿದ್ದರೆ ಹೊಟ್ಟೆ ಉರಿಯುತ್ತೆ. ಪೊದೆಯ ಮರೆಗೆ ಹೋಗಿ ಮೂತಿಯನ್ನು ನೆಲಕ್ಕೆ ಗುದ್ದಿತು. ಗುದ್ದಿತು, ಗುದ್ದಿತು, ಮಣ್ಣು ಹಾರುವ ಹಾಗೆ ಗುದ್ದಿತು. ಒಳಗೆ ನೋಡಿದರೆ ಬೆಳ್ಳಗೆ, ತೋಳುದ್ದ ಏನೋ ಇದೆ! ಕಚ್ಚಿದರೆ ಗೆಣಸು! ಕೋಪ ಎಲ್ಲಿ ಹೋಯಿತೋ, ಕರಕರ ಅಂತ ತಿನ್ನತೊಡಗಿತು.

ನೀರಿಗೆ ಹೊರಟಿದ್ದ ಕೇತಿ ಇದನ್ನು ಕಂಡು ಕೇಳಿದಳು, "ಹಂದಿಯಣ್ಣಾ, ಅದೇನ್ ತಿಂತಿದ್ದೀಯಾ?"

"ರಾಜಂದಲ್ಲದ್ದು ತಿಂತಾ ಇವ್ನಿ ಕೇತಕ್ಕ. ನೆಲದ ಮ್ಯಾಲಿಂದು ಅವಂದು. ಇದು ನೆಲದ ಕೆಳಗಿಂದು!"

ಕೇತಿ ಓಡಿದಳು. ಹಂದಿಗಾದರೆ ಮೂತಿ ಇದೆ, ತನಗೆ? ಗುಡಿಸಲಿನ ಒಂದು ಬಿದಿರುಗಳು ಕಿತ್ತಳು, ತುದಿ ಚೂಪು ಮಾಡಿದಳು, ಬೆಂಕಿಗೆ ಹಿಡಿದು ಗಟ್ಟಿ ಮಾಡಿದಳು. ಬಳ್ಳಿ ಎಲ್ಲಿ ನೆಲಕ್ಕಿಳಿದಿದೆಯೋ ಅಲ್ಲೇ ಅಗೆದಳು. ಅವತ್ತು ಮಕ್ಕಳು ಸುಟ್ಟ ಗೆಣಸು ತಿಂದು ತೇಗಿದ್ದು ಇಡೀ ಹಾಡಿಗೆ ಕೇಳಿಸಿತಂತೆ.

ಮಾರನೇ ದಿನದಿಂದ ಎಲ್ಲರಿಗೂ ಅಗೆಯೋದೇ ಕೆಲಸ. ಕರಡಿ ಅಗೆಯಿತು, ಗೆದ್ದಲು ಸಿಕ್ಕಿತು. ಹೆಗ್ಗಣ ಅಗೆಯಿತು, ಅಡಗೋದಕ್ಕೆ ಮನೆ ಸಿಕ್ಕಿತು. ಮುಳ್ಳುಹಂದಿ ಅಗೆಯಿತು, ಬೇರು ಸಿಕ್ಕಿತು. ನಾಯಿಗೆ ಏನೂ ಸಿಗಲಿಲ್ಲ. ಎಲ್ಲರೂ ಅಗೆಯುತ್ತಿದ್ದಾರಲ್ಲ, ನಾನ್ಯಾಕೆ ಸುಮ್ಮನಿರಲಿ ಅಂತ ಅದೂ ಅಗೆಯಿತು.

ಮಳೆಗಾಲ ಬಂತು. ಹಂದಿ ತಿಂದ ಕಡೆಯೆಲ್ಲ ಬಳ್ಳಿ ಮತ್ತೆ ಚಿಗುರಿತು, ಕೇತಿ ಅಗೆದ ಕಡೆ ಬರೀ ಹಳ್ಳ. ಇದ್ಯಾಕೆ ಹೀಗೆ ಅಂತ ಕೇತಿ ಕೆದಕಿ ನೋಡಿದಳು. ಹಂದಿ ಮೆತ್ತನೆಯದನ್ನು ತಿಂದು, ಬಳ್ಳಿ ಅಂಟಿದ ನಾರುನಾರಾದ ಬುಡವನ್ನು ಅಲ್ಲೇ ಉಗಿದು ಹೋಗಿತ್ತು. ತಾನೋ ಅದನ್ನೂ ಬಿಡದೆ ಬೇಯಿಸಿದ್ದಳು! "ಥೂ ನನ್ ಬುದ್ಧಿಗಿಷ್ಟು" ಅಂತ ತನ್ನ ತಲೆಗೆ ತಾನೇ ಮೊಟಕಿಕೊಂಡಳು. ಅಂದಿನಿಂದ ಹಾಡಿಗೆ ಹಾಡಿಯೇ ಒಂದು ಕಟ್ಟಳೆ ಮಾಡಿಕೊಂಡಿತು: ಮಣ್ಣಿಂದ ತೆಗೆದವರು ಬುಡವನ್ನು ಮಣ್ಣಿಗೆ ವಾಪಸ್ ಕೊಡಬೇಕು, ಗುಂಡಿ ಮುಚ್ಚಿಯೇ ಏಳಬೇಕು.

ಇತ್ತ ರಾಜನಿಗೆ ಸುದ್ದಿ ಹೋಯಿತು. ಹಾಡಿಯವರು ಸೊರಗೋದು ಬಿಟ್ಟು ಗುಂಡುಗುಂಡಾಗಿದ್ದಾರೆ ಅಂತ. ಕುದುರೆ ಏರಿ ಬಂದ.

"ಎಲೇ ಹೆಣ್ಣೇ, ಏನು ತಿಂತಿದ್ದೀರಿ?"

"ನಿಮ್ದಲ್ಲದ್ದು ತಿಂತಿದ್ದೀವಿ, ಬುದ್ಧೀ. ನೆಲದ ಕೆಳಗಿಂದು."

"ಹಾಗಾದರೆ ಇವತ್ತಿನಿಂದ ಕೆಳಗಿರೋದೂ ನಂದೇ!"

ಸೈನಿಕರು ಭರ್ಜಿ ಹಿಡಿದು ಒಂದು ಗುಡ್ಡವನ್ನೇ ಬಗೆದರು. "ಬುಡ ಮಣ್ಣಿಗೆ ಹಾಕ್ಸಿ ಬುದ್ಧೀ" ಅಂತ ಕೇತಿ ಬಾಯಿಬಿಟ್ಟೇ ಹೇಳಿದಳು. ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ರಾಜ ಕೊಡೋನಲ್ಲ, ತಗೊಳ್ಳೋನು!" ಗಾಡಿಗಟ್ಟಲೆ ಗೆಣಸು, ಬುಡದ ಸಮೇತ, ಅರಮನೆಗೆ ಹೋಯಿತು. ಮರುವರ್ಷ ಆ ಗುಡ್ಡ ಬೋಳು. ಹಾಡಿಯವರು ಬುಡ ಹೂಳಿದ್ದ ಗುಡ್ಡ ಹಸಿರೋ ಹಸಿರು. ರಾಜ ಅಲ್ಲಿಗೇ ಬಂದು ಡೇರೆ ಹಾಕಿದ.

"ಈ ಗುಡ್ಡ ನನಗೆ ಬೇಕು. ನಾಳೆ ಬೆಳಗಾದರೆ ನಿಮ್ಮ ಒಬ್ಬರ ಮುಖವೂ ಇಲ್ಲಿ ಕಾಣಬಾರದು."

ಹಾಡಿಯವರು ಗೋಳೋ ಅಂತ ಅತ್ತರು. ಹೋಗೋದಾದರೂ ಎಲ್ಲಿಗೆ? ಕೇತಿ ಅಳಲಿಲ್ಲ. ಸೀದಾ ಹಂದಿಯ ಹತ್ತಿರ ಹೋದಳು. "ಅಣ್ಣಾ, ನಿನ್ನ ಕ್ವಾಪ ಇನ್ನೂ ಮಿಕ್ಕೈತಾ?"

"ಬೇಕಾದಷ್ಟೈತೆ, ಬಾರಕ್ಕ!"

ರಾಜ ಅವತ್ತು ಮಧ್ಯಾಹ್ನ ಗಡದ್ದಾಗಿ ಉಂಡು, ಡೇರೆಯೊಳಗೆ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ. ಗುಡ್ಡದ ಪಕ್ಕದಿಂದ ಡೇರೆಯ ಅಡಿಗೆ ಹಂದಿ ಅಗೆಯೋದಕ್ಕೆ ಶುರು ಮಾಡಿತು. ಹಿಂದೆ ಕರಡಿ, ಅದರ ಹಿಂದೆ ಮುಳ್ಳುಹಂದಿ, ಹೆಗ್ಗಣ. ಸೈನಿಕರ ಭರ್ಜಿಗೆ ಎಲ್ಲರ ಬಿಲವೂ ಹಾಳಾಗಿತ್ತು, ಎಲ್ಲರಿಗೂ ಸಿಟ್ಟಿತ್ತು. ನಾಯಿಯೂ ಅಗೆಯಿತು, ಆದರೆ ಬೇರೆ ಕಡೆ! ದುಡುಮ್ ಅಂತ ಮಂಚ ಕುಸಿಯಿತು. ರಾಜ ಕುತ್ತಿಗೆಯವರೆಗೆ ಮಣ್ಣಲ್ಲಿ! ಸೈನಿಕರು ಓಡಿ ಬಂದರು, ಗುಂಡಿಯಿಂದ ಕರಡಿ ಎದ್ದಿತು, ಸೈನಿಕರು ಬಂದದ್ದಕ್ಕಿಂತ ಬೇಗ ಓಡಿದರು.

"ಹೆಣ್ಣೇ, ತೆಗಿ ನನ್ನನ್ನ!" ಗುಂಡಿಯ ಅಂಚಿಗೆ ಬಂದ ಕೇತಿಯನ್ನು ಕಂಡು ರಾಜ ಕೂಗಿದ.

"ತೆಗೀತೀನಿ ಬುದ್ಧೀ. ಆದ್ರೆ ಮಣ್ಣಿಂದ ತೆಗೆದ್ರೆ ಮಣ್ಣಿಗೆ ವಾಪಸ್ ಕೊಡ್ಬೇಕು, ಅದು ನಮ್ ಕಟ್ಟಳೆ. ನಿಮ್ಮನ್ನ ತೆಗೆದ್ರೆ ಮಣ್ಣಿಗೆ ಏನ್ ಕೊಡ್ತೀರಿ?"

"ಉಂಗುರ ಕೊಡ್ತೀನಿ."

"ಉಂಗುರ ಚಿಗುರ್ತದಾ?"

"ಕಿರೀಟ ಕೊಡ್ತೀನಿ!"

"ಕಿರೀಟ ಬಳ್ಳಿ ಬಿಡ್ತದಾ?"

"ಮತ್ತೇನು ಕೊಡಲಮ್ಮಾ ತಾಯಿ?" ರಾಜ ಅಳುವುದೊಂದು ಬಾಕಿ.

"ಕಾಡಿಂದ ಕಿತ್ಕೊಂಡದ್ದನ್ನ ಕಾಡಿಗೆ ಕೊಡಿ. ಮ್ಯಾಲಿಂದೂ, ಕೆಳಗಿಂದೂ."

ಕೊಟ್ಟೆ, ಕೊಟ್ಟೆ, ಕೊಟ್ಟೆ ಅಂದ ರಾಜ. ಕೇತಿ ಕೋಲು ತಗೊಂಡು, ಗೆಣಸು ಮುರಿಯದ ಹಾಗೆ ಅಗೆಯುತ್ತಾರಲ್ಲ, ಹಾಗೆ ಸುತ್ತಲೂ ನಿಧಾನವಾಗಿ ಅಗೆದು ಅವನನ್ನು ಹೊರಗೆ ತೆಗೆದಳು. ಮೈಯೆಲ್ಲ ಕೆಂಪು ಮಣ್ಣು ಮೆತ್ತಿಕೊಂಡ ರಾಜನೇ ಡಂಗುರ ಕೊರಳಿಗೆ ಹಾಕಿಕೊಂಡು ಕಾಡು ಸುತ್ತಿ ಸಾರಬೇಕಾಯಿತು, "ಕಾಡು ಕಾಡಿನವರದು" ಅಂತ. ಹಾಡಿಯ ಮಕ್ಕಳು ಕೇಕೆ ಹಾಕುತ್ತಾ ಅವನ ಹಿಂದೆ ಕುಣಿದರಂತೆ. ಕೇತಿ ಆಗ ಅತ್ತಳು, ಖುಷಿಗೆ.

ಅವತ್ತು ಕಲಿತ ಅಗೆತವನ್ನು ಮೃಗಗಳು ಇವತ್ತಿಗೂ ಬಿಟ್ಟಿಲ್ಲ. ನಾಯಿಗಂತೂ ಏನಕ್ಕೆ ಅಗೆಯುತ್ತಿದ್ದೇನೆ ಅಂತ ಇನ್ನೂ ಗೊತ್ತಾಗಿಲ್ಲ. ಕೇತಿಯ ಕುಲದವರೂ ಇವತ್ತಿಗೂ ಬುಡ ಹೂಳದೆ ಗುಂಡಿ ಬಿಟ್ಟು ಏಳುವುದಿಲ್ಲವಂತೆ.

ಅವರ ಹೊಟ್ಟೆ ಅಲ್ಲಿ ತುಂಬಿತು, ನಮ್ಮ ಕಥೆ ಇಲ್ಲಿ ಮುಗಿಯಿತು.