ಐವತ್ತೊಂದು ಬಾಯಿಯ ಕೊಳವೆ

ಬಹಳ ಹಿಂದೆ, ಎಷ್ಟು ಹಿಂದೆ ಅಂದರೆ ನದಿ ಇನ್ನೂ ತನ್ನ ಹಳೆಯ ದಾರಿಯಲ್ಲೇ ಹರಿಯುತ್ತಿದ್ದ ಕಾಲದಲ್ಲಿ, ಎರಡು ನದಿಗಳ ನಡುವಿನ ಸುಮೇರ್ ನಾಡಿನ ಒಂದೂರಲ್ಲಿ ನಿನ್ಕಲ್ಲ ಅಂತ ಒಬ್ಬ ಕುಂಬಾರ್ತಿ ಇದ್ದಳಂತೆ.

ಆ ನಾಡಿನಲ್ಲಿ ಕಲ್ಲಿಲ್ಲ, ತೊಲೆಗೆ ಆಗುವ ಮರವಿಲ್ಲ. ಇರುವುದು ಜೊಂಡು, ಖರ್ಜೂರ, ಮಣ್ಣು. ಮನೆ ಮಣ್ಣಿನದು, ಗುಡಿ ಮಣ್ಣಿನದು, ಪೈರು ಕೊಯ್ಯುವ ಕುಡುಗೋಲು ಕೂಡ ಸುಟ್ಟ ಮಣ್ಣಿನದೇ. ಹಾಗಾಗಿ ಮಣ್ಣು ಬಲ್ಲವಳಿಗೆ ಊರಲ್ಲಿ ಮರ್ಯಾದೆಯಿತ್ತು. ನಿನ್ಕಲ್ಲ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಬಿರುಕು ಎಲ್ಲಿಂದ ಶುರುವಾಗಿದೆ ಅಂತ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳಂತೆ. ಅವಳು ಮಣ್ಣು ತುಳಿಯುವಾಗ ಕಾಲುವೆಯ ಕಪ್ಪೆಗಳು ವಟಗುಟ್ಟುವುದನ್ನು ನಿಲ್ಲಿಸುತ್ತಿದ್ದವು ಅಂತಲೂ ಹೇಳುತ್ತಾರೆ. ಕಪ್ಪೆಯ ಮಾತನ್ನು ನಾನು ಒಪ್ಪುವುದಿಲ್ಲ. ಬಿರುಕಿನ ಮಾತು ನಿಜವಿದ್ದೀತು.

ಅವಳಿಗೆ ಗಂಡನಿರಲಿಲ್ಲ. ಒಬ್ಬನೇ ಮಗ, ಲುಶಾಗ. ಹಗ್ಗ ಹೆಗಲಿಗೆ ಹಾಕಿ ದಡದ ಮೇಲಿಂದ ದೋಣಿ ಎಳೆಯುವ ಕೆಲಸ ಅವನದು.

ಆ ಊರನ್ನು ಆಳುತ್ತಿದ್ದ ದೊರೆ ಮಹಾಶೂರನಂತೆ. ತಾಯಿಯ ಕಡೆಯಿಂದ ಅವನಿಗೆ ದೇವರ ರಕ್ತ ಬಂದಿದೆ ಅಂತ ಜನ ನಂಬಿದ್ದರು. ಗುಡಿಯ ಹೊಸ್ತಿಲಿಗೆ ಮಣ್ಣು ಸಾಲದು, ಮೂಡಣ ಬೆಟ್ಟದ ಕರಿಗಲ್ಲೇ ಬೇಕು ಅಂತ ಅವನು ಒಂದು ಸಲ ಹಟ ಹಿಡಿದ. ಅರವತ್ತು ಮಂದಿಯನ್ನು ಕರೆದುಕೊಂಡು ಹೊರಟ. ಅವರಲ್ಲಿ ಲುಶಾಗನೂ ಇದ್ದ. ಎರಡು ಸುಗ್ಗಿ ಕಳೆದ ಮೇಲೆ ಕಲ್ಲು ಬಂತು, ದೊರೆ ಬಂದ, ಅರವತ್ತರಲ್ಲಿ ಒಂಬತ್ತು ಮಂದಿ ಬಂದರು. ಲುಶಾಗ ಬರಲಿಲ್ಲ.

ಊರಿಗೂರೇ ಹಾಡು ಕಟ್ಟಿತು. ದೊರೆ ಕಲ್ಲನ್ನು ಒಂಟಿ ಹೆಗಲ ಮೇಲೆ ಹೊತ್ತು ತಂದನಂತೆ, ಬೆಟ್ಟವೇ ಬಾಗಿ ದಾರಿ ಬಿಟ್ಟಿತಂತೆ. ಬಾರದೆ ಹೋದ ಐವತ್ತೊಂದು ಮಂದಿಯ ಮಾತು ಹಾಡಿನಲ್ಲಿ ಎಲ್ಲೂ ಇರಲಿಲ್ಲ.

ಈಗ ಒಂದು ಮಾತು ತಿಳಿದಿರಬೇಕು. ಸತ್ತವರೆಲ್ಲ ನೆಲದಡಿಯ ಕತ್ತಲ ಮನೆಗೆ ಹೋಗುತ್ತಾರೆ, ದೊರೆಯಾದರೂ ಅಲ್ಲಿಗೇ, ತಿರುಕನಾದರೂ ಅಲ್ಲಿಗೇ ಅಂತ ಆ ಜನ ನಂಬಿದ್ದರು. ಅಲ್ಲಿ ತಿನ್ನಲು ಧೂಳು, ಕುಡಿಯಲು ಕೆಸರು. ಮೇಲಿರುವ ಮಕ್ಕಳು ಅಮಾವಾಸ್ಯೆಗೊಮ್ಮೆ ಗೋರಿಯ ಮೇಲೆ ಹೆಸರು ಹಿಡಿದು ಕರೆದು ನೀರು ಹೊಯ್ದರೆ ಮಾತ್ರ ಅವರಿಗೆ ತಿಳಿನೀರು. ಅದಕ್ಕೆಂದೇ ಗೋರಿಯೊಳಕ್ಕೆ ಒಂದು ಮಣ್ಣಿನ ಕೊಳವೆ ಇಳಿಸುತ್ತಿದ್ದರು. ಆ ಕೊಳವೆ ಮಾಡುವುದರಲ್ಲಿ ನಿನ್ಕಲ್ಲಳನ್ನು ಮೀರಿಸುವವರಿರಲಿಲ್ಲ.

ಊರಿಗೆಲ್ಲ ಕೊಳವೆ ಮಾಡಿಕೊಟ್ಟವಳಿಗೆ ಮಗನ ಕೊಳವೆ ಎಲ್ಲಿ ಇಳಿಸಬೇಕು ಅಂತ ತಿಳಿಯಲಿಲ್ಲ. ಪೂಜಾರಿಯನ್ನು ಕೇಳಿದಳು. ಎಲುಬಿಲ್ಲದ ಕಡೆ ಹೊಯ್ದ ನೀರು ಯಾರಿಗೂ ಸೇರದು ಅಂದುಬಿಟ್ಟನಂತೆ ಅವನು. ಆದರೂ ಅವಳು ಪ್ರತಿ ಅಮಾವಾಸ್ಯೆ ಹೊಸ್ತಿಲಾಚೆ ಒಂದು ಚೊಂಬು ನೀರು ಹೊಯ್ಯುತ್ತಿದ್ದಳು. ನೆಲ ಕುಡಿಯುತ್ತಿತ್ತು. ಅವನು ಕುಡಿದನೋ ಇಲ್ಲವೋ, ಯಾರನ್ನು ಕೇಳುವುದು?

ವರ್ಷಗಳು ಉರುಳಿದವು. ದೊರೆಗೆ ಮುಪ್ಪು ಬಂತು, ಕಾಲು ಊದಿಕೊಂಡಿತು, ಉಸಿರು ಸಿಕ್ಕಿಕೊಳ್ಳತೊಡಗಿತು. ವೈದ್ಯರು ಬೇರು ಅರೆದರು, ಪೂಜಾರಿಗಳು ಕುರಿ ಕಡಿದು ಪಿತ್ತಕೋಶದಲ್ಲಿ ಶಕುನ ನೋಡಿದರು. ದೇವರ ರಕ್ತ ಅಂದುಕೊಂಡಿದ್ದು ಮನುಷ್ಯರ ರಕ್ತದಂತೆಯೇ ತಣ್ಣಗಾಗುತ್ತಿತ್ತು. ಆಗ ದೊರೆ ತನ್ನ ಗೋರಿ ತೋಡಿಸಿದ. ಅದಕ್ಕೆ ಕೊಳವೆ ಮಾಡಲು ನಿನ್ಕಲ್ಲಳಿಗೆ ಕರೆ ಹೋಯಿತು.

"ಕುಂಬಾರ್ತೀ, ನಿನ್ನ ಕೊಳವೆ ಎಷ್ಟು ಕಾಲ ಬಾಳುತ್ತೆ?" ಅಂತ ಕೇಳಿದನಂತೆ ದೊರೆ.

"ಚೆನ್ನಾಗಿ ಬೆಂದರೆ ನಮ್ಮಿಬ್ಬರಿಗಿಂತ ಹೆಚ್ಚು ಕಾಲ, ಒಡೆಯಾ."

ಮನೆಗೆ ಬಂದವಳು ಮೂರು ದಿನ ಮಣ್ಣು ಮುಟ್ಟಲಿಲ್ಲ. ನಾಲ್ಕನೆಯ ದಿನ ಎದ್ದು, ಬಾರದವರ ಮನೆಗಳನ್ನೆಲ್ಲ ಸುತ್ತಿದಳು. ಹೆಸರು ಕೇಳಿದಳು. ಅಪ್ಪನ ಹೆಸರು ಕೇಳಿದಳು, ಇನ್ನೇನಾದರೂ ಹೇಳುವುದಿದ್ದರೆ ಕುಳಿತು ಕೇಳಿಸಿಕೊಂಡಳು. ಎಲ್ಲ ಬಾಯಿಪಾಠವಾದ ಮೇಲೆ ತಿಗರಿ ತಿರುಗಿಸಿದಳು.

ಕೊಳವೆ ಬೆಂದು ಆವಿಗೆಯಿಂದ ಹೊರಬಂದಾಗ ಅರಮನೆಯ ಪಾರುಪತ್ಯಗಾರ ಬಂದು ನೋಡಿದ. ಎರಡಾಳುದ್ದ, ಕೂದಲೆಳೆಯಷ್ಟೂ ಸೊಟ್ಟವಿಲ್ಲ. ಆದರೆ ಮೇಲಿಂದ ಕೆಳಗಿನವರೆಗೆ ಅದರ ಮೈಗೆ ಪುಟ್ಟ ಪುಟ್ಟ ಬಾಯಿಗಳು, ಹಕ್ಕಿಮರಿ ಬಾಯಿ ತೆರೆದ ಹಾಗೆ. ಎಣಿಸಿದ. ಐವತ್ತೊಂದು. ಮೇಲೆ ನೀರು ಹೊಯ್ದರೆ ಮೊದಲು ಸುತ್ತಲ ಮಣ್ಣಿಗೆ ಇಂಗಿ, ಉಳಿದರೆ ಮಾತ್ರ ತಳಕ್ಕೆ ಇಳಿಯುತ್ತಿತ್ತು. ಪಾರುಪತ್ಯಗಾರ ಹೌಹಾರಿದ. ಸತ್ತ ದೊರೆಯ ನೀರು ಕದಿಯುವವರಿಗೆ ಕೈ ಕಡಿಯುವ ಶಿಕ್ಷೆ. ಅವಳನ್ನು ಹಿಡಿದುಕೊಂಡು ಹೋಗಿ ದೊರೆಯ ಮಂಚದ ಮುಂದೆ ನಿಲ್ಲಿಸಿದರು.

"ಇದೇನಿದು?" ಅಂದ ದೊರೆ.

ಅವಳು ಕೈ ಮುಗಿದಳು. ತಪ್ಪಾಯಿತು ಅನ್ನಲಿಲ್ಲ. "ಇವರ ಎಲುಬು ಇಲ್ಲಿಲ್ಲ, ಒಡೆಯಾ. ನಿಮ್ಮ ಎಲುಬಿನ ನೆಪದಲ್ಲಿ ಇವರಿಗೂ ನೀರು ಸೇರಲಿ" ಅಂದು ಮೇಲಿನ ಬಾಯಿಯಿಂದ ಶುರು ಮಾಡಿದಳು.

"ಇದು ಉರ್ಮೆಸ್, ಜೊಂಡು ಕೊಯ್ಯುವವನ ಮಗ. ಇದು ಲುದುಗ, ದೋಣಿ ಕಟ್ಟುವವನು, ಮದುವೆಯಾಗಿ ಒಂದು ತಿಂಗಳಾಗಿತ್ತು. ಇದು ಶೆಶ್ಕಲ, ಅವನಿಗೆ ತೊದಲಿತ್ತು, ಹಾಡುವಾಗ ಮಾತ್ರ ತೊದಲುತ್ತಿರಲಿಲ್ಲ..."

ಹಾಗೇ ಹೇಳುತ್ತಾ ಹೋದಳು. ಪಾರುಪತ್ಯಗಾರ ತಡೆಯಲು ಬಂದರೆ ದೊರೆ ಕೈಯೆತ್ತಿದ. ಐವತ್ತು ಹೆಸರು ಹೇಳಿ ಮುಗಿಸಿ, ಅವಳು ಕೊನೆಯ ಬಾಯಿಯ ಮೇಲೆ ಬೆರಳಿಟ್ಟಳು.

"ಇದು ಲುಶಾಗ. ನನ್ನ ಮಗ."

ದೊರೆ ಎಲ್ಲರನ್ನೂ ಹೊರಗೆ ಕಳಿಸಿದ. ಆ ಕೋಣೆಯಲ್ಲಿ ನಡೆದ ಮಾತು ಅವರಿಬ್ಬರಿಗೇ ಗೊತ್ತು. ಅವಳು ಹೇಳಿದ್ದರಿಂದ ನಮಗೂ ಗೊತ್ತು.

"ಎಡಗಿವಿಯ ಹತ್ತಿರ ಸುಟ್ಟ ಕಲೆ ಇದ್ದವನೇ?" ಅಂದ.

"ಆವಿಗೆಯ ಕಿಡಿ ಹಾರಿತ್ತು, ಒಡೆಯಾ. ಮೂರು ವರ್ಷದವನಿದ್ದಾಗ."

"ಬೆಟ್ಟದ ಕಣಿವೆಯಲ್ಲಿ ನೀರಿರಲಿಲ್ಲ. ಆರು ದಿನ. ಕಲ್ಲು ಬಿಟ್ಟು ಹೋಗೋಣ ಅಂದರು. ನಾನು ಬಿಡಲಿಲ್ಲ. ನಾನು ಬಿದ್ದಾಗ ಅವನ ತೊಗಲಿನ ತಿತ್ತಿಯಲ್ಲಿ ಒಂದೇ ಗುಟುಕು ನೀರಿತ್ತು. ಅದನ್ನು ನನ್ನ ಬಾಯಿಗೆ ಹಿಡಿದ. ನಾನು ಕುಡಿದೆ." ದೊರೆ ಉಸಿರು ಎಳೆದುಕೊಂಡ. "ಅವನಿಗೆ ಉಳಿದಿದೆಯಾ ಅಂತ ಕೇಳಲಿಲ್ಲ. ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

ನಿನ್ಕಲ್ಲ ಕಂಬಕ್ಕೆ ಒರಗಿ ನಿಂತಳು. ಕಣ್ಣಲ್ಲಿ ನೀರು ಬರಲಿಲ್ಲವಂತೆ. ಇಷ್ಟೇ ಕೇಳಿದಳು: "ಅವನು ಏನಾದರೂ ಅಂದನೇ?"

"'ಬೇಗ ಕುಡೀರಿ, ಬಿಸಿಲಿಗೆ ಆರಿಹೋಗುತ್ತೆ' ಅಂದ."

ಹೌದು, ಅವನು ಅನ್ನುವುದೇ ಹಾಗೆ. ಬಡಿಸಿಕೊಂಡು ಯಾರಾದರೂ ಸುಮ್ಮನೆ ಕುಳಿತರೆ ಅವನಿಗೆ ಆಗುತ್ತಿರಲಿಲ್ಲ. ತಾಯಿಗೆ ಮಗನ ದನಿ ಕೇಳಿದ ಹಾಗಾಯಿತು. ಇಷ್ಟು ವರ್ಷ ಅವನು ಹೇಗೆ ಸತ್ತನೋ ಅಂತ ನೂರು ಥರ ಯೋಚಿಸಿದ್ದಳು. ಇದೊಂದನ್ನು ಯೋಚಿಸಿರಲಿಲ್ಲ. ದೊರೆಯ ಮೇಲೆ ಸಿಟ್ಟು ಬಂತೋ ಮಗನ ಮೇಲೆ ಬಂತೋ ಅವಳಿಗೇ ತಿಳಿಯಲಿಲ್ಲ.

"ನಾಳೆ ನಾನು ಹೋಗುವುದೂ ಅಲ್ಲಿಗೇ. ಐವತ್ತೊಂದು ಮಂದಿ ಬಾಗಿಲಲ್ಲಿ ಕೆಸರು ಕುಡಿಯುತ್ತಾ ಕೂತಿರುವಾಗ ಅವರ ಮುಂದೆ ನಾನು ತಿಳಿನೀರು ಹೇಗೆ ಕುಡಿಯಲಿ?" ಅಂದ ದೊರೆ. ಆಮೇಲೆ ಮಕ್ಕಳು ಕೇಳುವ ಹಾಗೆ ಕೇಳಿದ, "ತಳದವರೆಗೂ ಒಂದಿಷ್ಟು ಬರುತ್ತಾ?"

"ಹೊಯ್ಯುವವರು ಜಾಸ್ತಿ ಹೊಯ್ದರೆ ಬರುತ್ತೆ, ಒಡೆಯಾ."

ಕೊಳವೆ ಹಾಗೇ ಇರಲಿ ಅಂತ ಅಪ್ಪಣೆಯಾಯಿತು. ಸುಗ್ಗಿಗೆ ಮುಂಚೆ ದೊರೆ ತೀರಿಕೊಂಡ. ಮುಂದಿನ ಅಮಾವಾಸ್ಯೆ ಅವನ ಮಗ ನೀರು ಹೊಯ್ದ. ಅವನ ಹಿಂದೆ ಐವತ್ತೊಂದು ಮನೆಯವರು ಕೊಡ ಹೊತ್ತು ಸಾಲು ನಿಂತರು. ತಮ್ಮವರ ಹೆಸರು ಕೂಗಿ ಕೂಗಿ ಹೊಯ್ದರು. ಅಂದು ಕೊಳವೆ ತುಂಬಿ ಮೇಲಕ್ಕೆ ಉಕ್ಕಿತಂತೆ. ನಿನ್ಕಲ್ಲಳ ಸರದಿ ಬಂದಾಗ ಚೊಂಬು ಬಗ್ಗಿಸಿ, "ಲುಶಾಗಾ, ಬೇಗ ಕುಡಿ" ಅಂದಳಂತೆ. ಆಗ ಅತ್ತಳು.

ಅವಳು ಸಾಯಲೇ ಇಲ್ಲ, ಜೀವಂತವಾಗಿ ನೆಲದಡಿಗೆ ಇಳಿದು ಸತ್ತವರ ಒಡೆದ ಬಟ್ಟಲು ಸರಿಮಾಡಿಕೊಡುತ್ತಿದ್ದಾಳೆ ಅಂತ ಕೆಲವರು ಹೇಳುತ್ತಾರೆ. ಇಲ್ಲ. ಒಂದು ಚಳಿಗಾಲ ಕೆಮ್ಮು ಹಿಡಿದು ಎಲ್ಲರ ಹಾಗೆ ಸತ್ತಳು. ಹಿಂದೆ ಯಾರೂ ಇರಲಿಲ್ಲ, ಆದರೂ ಒಂದು ಅಮಾವಾಸ್ಯೆಯೂ ಅವಳ ಗೋರಿ ಒಣಗಲಿಲ್ಲ. ಆಮೇಲೆ ನದಿ ದಾರಿ ಬದಲಿಸಿತು. ಊರು ಪಾಳು ಬಿತ್ತು. ಕರಿಗಲ್ಲಿನ ಹೊಸ್ತಿಲು ಎಲ್ಲಿದೆಯೋ, ಕೊಳವೆ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

ಆದರೆ ಆ ಸೀಮೆಯಲ್ಲಿ ಇವತ್ತಿಗೂ ಹೊಸ ಮಡಕೆ ತಂದವರು ಅದರ ಮೊದಲ ನೀರನ್ನು ತಾವು ಕುಡಿಯುವುದಿಲ್ಲ, ತಮ್ಮ ಹಿರಿಯರಿಗೂ ಹೊಯ್ಯುವುದಿಲ್ಲ. ನೆರೆಮನೆಯ ಬಾಗಿಲಿಗೆ ಹೋಗಿ, "ನಿಮ್ಮ ಮನೆಯ ಒಂದು ಹೆಸರು ಕೊಡಿ" ಅಂತ ಕೇಳುತ್ತಾರೆ. ಜಗಳವಾಡಿ ಮಾತು ಬಿಟ್ಟ ಮನೆಯಾದರೂ ಇಲ್ಲ ಅನ್ನುವ ಹಾಗಿಲ್ಲ. ಒಳಗಿಂದ ಯಾರಾದರೂ ಬಂದು, ತುಸು ಹೊತ್ತು ನೆನಪು ಮಾಡಿಕೊಂಡು, ಒಂದು ಹೆಸರು ಹೇಳುತ್ತಾರೆ. ಇವರು ಅದನ್ನು ಗಟ್ಟಿಯಾಗಿ ಕೂಗಿ ನೀರು ಹೊಯ್ಯುತ್ತಾರೆ. ಅದು ಇಂಗುವವರೆಗೆ ಎರಡೂ ಮನೆಯವರು ಸುಮ್ಮನೆ ನಿಂತಿರುತ್ತಾರೆ.